ಬ್ರೇಕಕ್ಕ ಬಣ್ಣ ಬಳಿದ ಕಾರು

ನಮ್ಮ ಬೀದಿಯಲ್ಲಿ ಅವರನ್ನು ನಿಜವಾದ ಹೆಸರಿನಿಂದ ಕರೆಯುವವನು ಅಂಚೆಯವನೊಬ್ಬನೇ. ಉಳಿದವರಿಗೆಲ್ಲ ಅವರು ಬ್ರೇಕಕ್ಕ. ಕಾರು ಓಡಿಸುವುದನ್ನು ಕಲಿಸುವಾಗ ಪಕ್ಕದ ಸೀಟಿನಲ್ಲಿ ಕೂತು "ಬ್ರೇಕು, ಬ್ರೇಕು, ಅಯ್ಯೋ ಬ್ರೇಕು ನಮ್ಮವ್ವಾ!" ಎಂದು ಕೂಗುವ ಅವರ ದನಿ ಆಚೆ ಬೀದಿಗೂ ಕೇಳುತ್ತಿತ್ತು. ಆ ಹೆಸರು ಹುಟ್ಟಿದ್ದು ಬೆನ್ನ ಹಿಂದೆ ಆಡಿಕೊಳ್ಳುವುದಕ್ಕೆ. ಯಾರೋ ಒಮ್ಮೆ ಬಾಯಿ ತಪ್ಪಿ ಎದುರಿಗೇ ಕರೆದಾಗ ಅವರು "ಏನು?" ಎಂದು ತಿರುಗಿ ನೋಡಿದ್ದರಿಂದ ಹಾಗೇ ಉಳಿದುಬಿಟ್ಟಿತು.

ನಾನೂ ಅವರ ಕೈಯಲ್ಲಿ ಕಲಿತವಳೇ. ಅವರು ಕಾರಿಗೆ ಬಣ್ಣ ಬಳಿದ ಕಥೆಯನ್ನು ಅರ್ಧ ಅವರಿಂದಲೇ ಕೇಳಿದ್ದೇನೆ, ಕ್ಲಚ್ಚು ಗೇರುಗಳ ನಡುವೆ, ತುಂಡು ತುಂಡಾಗಿ. ಇನ್ನರ್ಧ ಅವರ ಅತ್ತೆ ಹೇಳಿದ್ದು. ಅತ್ತೆ ಹೇಳಿದ ಭಾಗದಲ್ಲಿ ಉಪ್ಪುಖಾರ ಸ್ವಲ್ಪ ಮುಂದಾಗಿದ್ದರೆ ಅದು ನನ್ನ ತಪ್ಪಲ್ಲ.

ಬ್ರೇಕಕ್ಕ ಡ್ರೈವಿಂಗ್ ಶಾಲೆಗೆ ಸೇರಿದ್ದು ಕಲಿಸುವುದಕ್ಕಲ್ಲ. ಫೋನು ಎತ್ತುವುದು, ಯಾರಿಗೆ ಎಷ್ಟು ಹೊತ್ತಿಗೆ ಪಾಠ ಎಂದು ಹೊಂದಿಸುವುದು, ಬೆಳಿಗ್ಗೆ ಕಾರಿನ ಗಾಜು ಒರೆಸುವುದು, ಇಷ್ಟೇ ಕೆಲಸ. ಶಾಲೆ ಎಂದರೂ ಇದ್ದದ್ದು ಒಂದು ಕೋಣೆ, ಒಂದು ಬೆಂಚು, ಒಂದು ಕಾರು. ನಡೆಸುತ್ತಿದ್ದವರನ್ನು ಊರೆಲ್ಲ ಮೇಷ್ಟ್ರು ಎನ್ನುತ್ತಿತ್ತು. ಒಬ್ಬಂಟಿ ಗಂಡಸಿನ ಜೊತೆ ಕಾರಿನಲ್ಲಿ ಹೋಗಲು ಹಿಂಜರಿಯುವ ಹೆಂಗಸರು ಪಾಠಕ್ಕೆ ಬಂದಾಗ ಮೇಷ್ಟ್ರು ಇವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಹಾಗೆ ಹಿಂದೆ ಕೂತು ಕೂತೇ ಬ್ರೇಕಕ್ಕ ಕಾರು ಕಲಿತರು. ಒಮ್ಮೆ ಮೇಷ್ಟ್ರು ಮೆಟ್ಟಿಲು ಜಾರಿ ಕಾಲು ಮುರಿದುಕೊಂಡರು. ಪಾಠಕ್ಕೆ ಬಂದ ಹೆಂಗಸರು ಬೆಂಚಿನ ಮೇಲೆ ಸಾಲಾಗಿ ಕೂತಿದ್ದಾರೆ, ಮೇಷ್ಟ್ರು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುರ್ಚಿಯಲ್ಲಿ. "ಕೀ ತಗೊಂಡು ನೀನೇ ಹೋಗು" ಅಂದರಂತೆ. ಮೇಷ್ಟ್ರೇ ಮಾಡಿಸಿಕೊಟ್ಟ ಲೈಸೆನ್ಸು ಹೇಗೂ ಇತ್ತು. ಹೋದರು. ಅವತ್ತಿನಿಂದ ಪಕ್ಕದ ಸೀಟು ಅವರದ್ದೇ ಆಯಿತು.

ವರ್ಷಗಳು ಹೋದವು. ಮೇಷ್ಟ್ರ ಕಣ್ಣಿಗೆ ಮಂಜು ಕವಿಯಿತು. ಶಾಲೆ ಮುಚ್ಚುತ್ತೇನೆ, ತಂಗಿಯ ಮನೆಯ ಹತ್ತಿರ ಹೋಗಿ ಇರುತ್ತೇನೆ ಎಂದರು. ಕಾರು ನೋಡಲು ಗುಜರಿಯವನು ಬಂದ. ಅವನು ಬಾನೆಟ್ ಎತ್ತಿ ಸಹ ನೋಡಲಿಲ್ಲ. ಸುತ್ತ ಒಂದು ರೌಂಡ್ ಹೊಡೆದು, ಕಬ್ಬಿಣದ ತೂಕಕ್ಕೆ ಎಷ್ಟೋ ಅಷ್ಟು ಎಂದ. ಬ್ರೇಕಕ್ಕ ಬಾಗಿಲಲ್ಲೇ ನಿಂತಿದ್ದರು.

"ಮೇಷ್ಟ್ರೇ, ಅವನು ಕೊಡೋದನ್ನೇ ನಾನು ಕೊಡ್ತೀನಿ. ಗಾಡಿ ನನಗೆ ಕೊಡಿ."

"ಏನ್ ಮಾಡ್ತೀಯ ಇದನ್ನ ಇಟ್ಕೊಂಡು?"

"ಕಲಿಸ್ತೀನಿ."

ಮೇಷ್ಟ್ರು ಕಾರಿನ ಕಡೆ ತಿರುಗಿದರಂತೆ, ಕಾಣುತ್ತಿದ್ದದ್ದು ಎಷ್ಟೋ. ಆಮೇಲೆ ಗುಜರಿಯವನಿಗೆ ಕೈಯಾಡಿಸಿ ಹೋಗು ಎಂದರು.

ಮನೆಯಲ್ಲಿ ಇದ್ದವರು ಮೂವರು. ಗಂಡ ಬೇಕರಿಯಲ್ಲಿ ಒಲೆಯ ಮುಂದಿನ ಕೆಲಸದವರು, ಮಾತು ಕಡಿಮೆ. ಅತ್ತೆ ಆ ಲೆಕ್ಕವನ್ನೂ ಸೇರಿಸಿ ಮಾತಾಡುವವರು. ಕಾರು ಮನೆಯ ಪಕ್ಕದ ಅಂಗಳದಲ್ಲಿ ಬಂದು ನಿಂತಾಗ ಅತ್ತೆ ಮೊದಲು ನೋಡಿದ್ದು ಬಟ್ಟೆ ಒಣಹಾಕುವ ಹಗ್ಗವನ್ನು.

"ನನ್ನ ಬಟ್ಟೆಗೆ ಬಿಸಿಲು ಎಲ್ಲೇ ಇನ್ನು? ಇದರ ತಲೆ ಮೇಲೆ ಹರವಲಾ?"

"ಸ್ವಲ್ಪ ದಿವಸ ಅತ್ತೆ."

"ಇದಕ್ಕೇನು ಕಜ್ಜಿನಾ? ಮೈಯೆಲ್ಲಾ ಉದುರ್ತಾ ಇದೆ!"

ಅತ್ತೆ ಹೇಳಿದ್ದು ಸುಳ್ಳಲ್ಲ. ಒಂದು ಕಾಲಕ್ಕೆ ಅದು ಕೆಂಪು ಕಾರು. ತಲೆಯ ಮೇಲಿನ ಮಾಡಿನ ಬಣ್ಣ ಬಿಸಿಲಿಗೆ ಸಿಪ್ಪೆ ಸಿಪ್ಪೆಯಾಗಿ ಎದ್ದಿತ್ತು. ಬಾನೆಟ್ ಬೆಳ್ಳಗಾಗಿ ಒಗೆದು ಒಗೆದು ಮಾಸಿದ ಅಂಗಿಯಂತಾಗಿತ್ತು. ಬಲಗಡೆಯ ಹಿಂದಿನ ಬಾಗಿಲು ಯಾವುದೋ ಬೇರೆ ಕಾರಿನದು, ನೀಲಿ. ಚಕ್ರದ ಮೇಲಿನ ಅಂಚುಗಳಲ್ಲಿ ತುಕ್ಕು. ಎಂಜಿನ್ನು ಮಾತ್ರ ಗಡಿಯಾರದ ಹಾಗೆ ನಡೆಯುತ್ತಿತ್ತು, ಆದರೆ ಎಂಜಿನ್ನನ್ನು ನೋಡಿ ಯಾರು ಪಾಠಕ್ಕೆ ಬರುತ್ತಾರೆ? ವಿಚಾರಿಸಲು ಬಂದ ಒಬ್ಬ ತಾಯಿ, ಕಾಲೇಜಿಗೆ ಹೋಗುವ ಮಗಳನ್ನು ಕರೆತಂದವರು, ಕಾರನ್ನು ನೋಡಿ ಮೆಲ್ಲಗೆ "ಇದು ಮಧ್ಯದಲ್ಲಿ ನಿಲ್ಲಲ್ಲ ತಾನೇ?" ಎಂದು ಕೇಳಿ, ಮನೆಗೆ ಹೋಗಿ ಯೋಚಿಸಿ ಹೇಳುತ್ತೇವೆ ಎಂದು ಹೋದವರು ತಿರುಗಿ ಬರಲಿಲ್ಲ.

ಬ್ರೇಕಕ್ಕ ಕಾರನ್ನು ಪೇಂಟಿಂಗ್ ಗ್ಯಾರೇಜಿಗೆ ತೆಗೆದುಕೊಂಡು ಹೋದರು. ಅಲ್ಲಿನ ಪೇಂಟರ್ ಒಳ್ಳೆಯ ಮನುಷ್ಯ, ಹಳೆಯ ಪರಿಚಯ. ಎಲ್ಲ ಕಡೆ ಬೆರಳಿನಿಂದ ತಟ್ಟಿ ನೋಡಿ ಒಂದು ಮೊತ್ತ ಹೇಳಿದ. ಅದನ್ನು ಕೇಳಿ ಬ್ರೇಕಕ್ಕನಿಗೆ ನಗು ಬಂತು.

"ಅಷ್ಟಕ್ಕೆ ಇಂಥ ಇನ್ನೆರಡು ಗಾಡಿ ಬರುತ್ತಪ್ಪ."

"ನಾನೇನು ಜಾಸ್ತಿ ಹೇಳ್ತಿಲ್ಲ ಅಕ್ಕ. ಕೆಲಸ ಅಷ್ಟಿದೆ."

"ನಾನೇ ಬಳಿದ್ರೆ?"

"ನೀವಾ? ಕಂಪ್ರೆಸರ್ ಇದೆಯಾ? ಬಣ್ಣ ಹೊಡೆಯೋ ಸ್ಪ್ರೇ ಗನ್ ಇದೆಯಾ?"

"ರೋಲರ್‌ನಲ್ಲಿ."

ಪೇಂಟರ್ ಕೈಯಲ್ಲಿದ್ದ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡು ನಕ್ಕ. "ಅಕ್ಕ, ಇದು ಗೇಟಲ್ಲ. ಅಡುಗೆಮನೆ ಗೋಡೇನೂ ಅಲ್ಲ."

ಅವನು ಕೆಟ್ಟದ್ದಕ್ಕೆ ನಕ್ಕದ್ದಲ್ಲ. ಆದರೆ ಮನೆಗೆ ವಾಪಸು ಬರುವ ದಾರಿಯುದ್ದಕ್ಕೂ ಆ ನಗು ಬ್ರೇಕಕ್ಕನ ಕಿವಿಯಲ್ಲಿ ಕೂತಿತ್ತು. ಬರುತ್ತಾ ಪೇಂಟ್ ಅಂಗಡಿಯ ಮುಂದೆ ಕಾರು ನಿಲ್ಲಿಸಿದರು. ಅಂಗಡಿಯ ಮೂಲೆಯಲ್ಲಿ ಎನಾಮೆಲ್ ಡಬ್ಬಿಗಳು ಒಂದರ ಮೇಲೊಂದು ಕೂತಿದ್ದವು, ಲಾರಿಯಿಂದ ಬಿದ್ದು ಮೂಲೆ ಮುರುಟಿದವು. ಯಾರೂ ಕೊಳ್ಳುತ್ತಿರಲಿಲ್ಲ. ಬಹುಪಾಲು ಹಳದಿ, ಕೆಲವು ಕೆಂಪು.

"ಡಬ್ಬಿ ನೆಗ್ಗಿದೆ ಅಷ್ಟೇ, ಒಳಗಿನ ಬಣ್ಣ ನೆಗ್ಗಿಲ್ಲಮ್ಮ" ಎಂದು ಅಂಗಡಿಯವರು ಅರ್ಧಕ್ಕೂ ಕಡಿಮೆಗೆ ಕೊಟ್ಟರು. ಜೊತೆಗೆ ಪ್ರೈಮರು, ಪುಟ್ಟಿ, ನೀರು ಹಾಕಿ ಉಜ್ಜುವ ಮರಳು ಕಾಗದ, ಸ್ಪಂಜಿನ ಸಣ್ಣ ರೋಲರುಗಳು. ಮನೆಗೆ ಬಂದು ಬ್ರೇಕಕ್ಕ ಎಲ್ಲ ಡಬ್ಬಿಗಳನ್ನೂ ದೊಡ್ಡ ಬಕೆಟ್ಟಿಗೆ ಸುರಿದು ಮರದ ಪಟ್ಟಿಯಿಂದ ಕಲಸಿದರು. ಒಂದೊಂದು ಡಬ್ಬಿಯ ಹಳದಿ ಒಂದೊಂದು ತರ. ಬೇರೆ ಬೇರೆಯಾಗಿ ಬಳಿದರೆ ಬಾಗಿಲಿಗೊಂದು ಬಣ್ಣ ಆಗುತ್ತಿತ್ತು. ಹಳದಿಗೆ ಕೆಂಪು ಇಳಿದು ಸುತ್ತಿ ಸುತ್ತಿ ಕೊನೆಗೆ ಮಾಗಿದ ಕಿತ್ತಳೆಯ ಬಣ್ಣ ಬಂತು.

"ಊರಲ್ಲೇ ಇಲ್ಲ ಇಂಥ ಬಣ್ಣ" ಎಂದರು ಅತ್ತೆ. ಅದು ಹೊಗಳಿಕೆಯೋ ಬೈಗುಳವೋ ಬ್ರೇಕಕ್ಕನಿಗೆ ತಿಳಿಯಲಿಲ್ಲ.

ಬಣ್ಣ ಬಳಿಯುವುದು ಕೊನೆಯ ಕೆಲಸ, ಅದಕ್ಕೂ ಮೊದಲಿನದ್ದೇ ನಿಜವಾದ ಕೆಲಸ ಎಂಬುದು ಅವರಿಗೆ ಗೊತ್ತಾದದ್ದು ಉಜ್ಜಲು ಕೂತ ಮೇಲೆ. ಸಿಪ್ಪೆ ಎದ್ದ ಬಣ್ಣವನ್ನೆಲ್ಲ ಕೆರೆಯಬೇಕು, ತುಕ್ಕು ಹೋಗುವವರೆಗೆ ತಿಕ್ಕಬೇಕು, ನೆಗ್ಗಿದಲ್ಲಿ ಪುಟ್ಟಿ ತುಂಬಬೇಕು, ಅದು ಒಣಗಿದ ಮೇಲೆ ಮತ್ತೆ ಉಜ್ಜಿ ಸಮ ಮಾಡಬೇಕು. ಕಾರಿನ ಮೈಮೇಲೆ ನೆಗ್ಗುಗಳಿಗೇನು ಬರವೇ! ಬ್ರೇಕಕ್ಕ ಪುಟ್ಟಿಯ ತಗಡನ್ನು ಹಿಡಿದು ಒಂದೊಂದನ್ನೇ ತುಂಬುತ್ತಾ ಹೋದಾಗ ಆ ನೆಗ್ಗು ಮಾಡಿದವರ ಮುಖ ಕಣ್ಣ ಮುಂದೆ ಬರುತ್ತಿತ್ತಂತೆ.

ಮುಂದಿನ ಬಂಪರಿನ ಮೇಲಿನದು ಬ್ಯಾಂಕಿನ ಕ್ಯಾಷಿಯರದು. ಅವರು ಕಂಬವನ್ನು ನೋಡಿದರೆ ಕಂಬದ ಕಡೆಗೇ ಹೋಗುತ್ತಿದ್ದರು. ಎಡಬಾಗಿಲಿನ ಉದ್ದದ ಗೀರು ಡಾಕ್ಟರಮ್ಮನದು. ಆಪರೇಷನ್ ಮಾಡುವಾಗ ನಡುಗದ ಕೈ ಸ್ಟಿಯರಿಂಗ್ ಹಿಡಿದರೆ ಥರಥರ ನಡುಗುತ್ತಿತ್ತು. ಡಿಕ್ಕಿಯ ಮೇಲಿನ ದೊಡ್ಡ ಗುಳಿ ಒಬ್ಬ ಅಜ್ಜನದು. ಅವರು ಅರವತ್ತು ದಾಟಿದ ಮೇಲೆ ಕಾರು ಕಲಿಯಲು ಬಂದಿದ್ದು, ಕಾಯಿಲೆಯ ಹೆಂಡತಿಯನ್ನು ಆಸ್ಪತ್ರೆಗೆ ತಾನೇ ಕರೆದುಕೊಂಡು ಹೋಗಬೇಕೆಂದು. ಹಿಂದಕ್ಕೆ ತೆಗೆಯುವುದು ಮಾತ್ರ ಕೊನೆಯವರೆಗೂ ಬರಲಿಲ್ಲ; "ಆಸ್ಪತ್ರೆ ಮುಂದಕ್ಕೇ ಇರೋದಲ್ವೇನಮ್ಮ" ಎನ್ನುತ್ತಿದ್ದರಂತೆ. ಅವರೆಲ್ಲ ಇವತ್ತು ರಸ್ತೆಯ ಮೇಲೆ ಇದ್ದಾರೆ. ತಮ್ಮ ತಮ್ಮ ಕಾರುಗಳಲ್ಲಿ, ಎದುರಾದರೆ ಹಾರ್ನ್ ಹೊಡೆದು ಕೈ ಬೀಸುತ್ತಾರೆ. ಆ ಗುಳಿಗಳನ್ನು ಮುಚ್ಚುವಾಗ ಬ್ರೇಕಕ್ಕನಿಗೆ ಒಂದು ತರಹದ ಹೆಮ್ಮೆ ಆಯಿತು. ಇಷ್ಟು ಜನರಿಗೆ ಕಲಿಸಿದ್ದೇನಲ್ಲ ಎಂದು ಅವರು ಅಲ್ಲಿಯವರೆಗೆ ಲೆಕ್ಕ ಹಾಕಿ ನೋಡಿರಲೇ ಇಲ್ಲ.

ಪ್ರೈಮರು ಬಿದ್ದಾಗ ಕಾರು ಬೂದಿ ಬಣ್ಣಕ್ಕೆ ತಿರುಗಿ ಒಂದೇ ಮೈಯಾಯಿತು. ಬ್ರೇಕಕ್ಕನಿಗೆ ಉತ್ಸಾಹ ತಡೆಯಲಾಗಲಿಲ್ಲ. ರಜೆಯ ದಿನ ಮಧ್ಯಾಹ್ನ, ಒಳ್ಳೆಯ ಬಿಸಿಲು, ಬೇಗ ಒಣಗುತ್ತದೆ ಎಂದು ಗಾಜುಗಳಿಗೆ ಹಳೆಯ ಪೇಪರು ಅಂಟಿಸಿ, ರೋಲರನ್ನು ಬಣ್ಣದಲ್ಲಿ ಮುಳುಗಿಸಿ ಮುಳುಗಿಸಿ ದಪ್ಪಗೆ ಹೊಡೆದರು. ಒಂದೇ ಏಟಿಗೆ ಮುಗಿಸಿಬಿಡಬೇಕು ಎಂಬ ಆಸೆ. ಸಂಜೆ ಹೊತ್ತಿಗೆ ಸುತ್ತಿ ಬಂದು ನೋಡಿದರೆ ಬಾಗಿಲುಗಳ ಮೇಲೆ ಬಣ್ಣ ಧಾರೆಧಾರೆಯಾಗಿ ಇಳಿದು ಹಾಗೇ ಗಟ್ಟಿಯಾಗಿದೆ. ಮಾಡಿನ ಮೇಲೆ ಗಾಳಿ ತಂದ ಧೂಳೆಲ್ಲ ಕೂತಿದೆ. ಬಾನೆಟ್ಟಿನ ಮೇಲೆ ಬೆಕ್ಕೊಂದು ಈ ಕಡೆಯಿಂದ ಆ ಕಡೆಗೆ, ಯಾವ ಅವಸರವೂ ಇಲ್ಲದೆ, ಹೆಜ್ಜೆ ಬಿಟ್ಟು ಹೋಗಿದೆ.

ಕಾಂಪೌಂಡಿನ ಆಚೆಯಿಂದ ಯಾರೋ ಇಣುಕಿ ನೋಡಿ ನಗುವುದನ್ನು ಒತ್ತಿ ಹಿಡಿದುಕೊಂಡು ಹೋದರು. ಬ್ರೇಕಕ್ಕ ಕಾರಿನ ಮೇಲೆ ಬೆಡ್‌ಶೀಟ್ ಹೊದಿಸಲು ಹೋದರು. ಹಸಿ ಬಣ್ಣಕ್ಕೆ ಅದು ಅಂಟಿಕೊಂಡಿತು. ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಳುವವರಲ್ಲ ಅವರು. ಆದರೆ ಅವತ್ತು ಕಣ್ಣು ತುಂಬಿ ಬಂದದ್ದನ್ನು ಬಣ್ಣದ ವಾಸನೆಯ ಮೇಲೆ ಹಾಕಿದರಂತೆ.

ಗಂಡ ಬಂದು ಪಕ್ಕದಲ್ಲಿ ಕೂತರು. ಕಾರನ್ನು ನೋಡಿದರು. ಎದ್ದು ಹೋಗಿ ಬಾಗಿಲ ಮೇಲಿನ ಒಂದು ಧಾರೆಯನ್ನು ಉಗುರಿನಿಂದ ಒತ್ತಿದರು. ಮೇಲೆ ಗಟ್ಟಿ, ಒಳಗೆ ಹಸಿ.

"ಒಲೆ ಜೋರಾಯ್ತು" ಅಂದರು.

"ಏನು?"

"ಬ್ರೆಡ್ಡು ಹೀಗೇ ಆಗೋದು. ಒಲೆ ಜೋರಿದ್ರೆ ಮೇಲೆ ಕೆಂಪಗಾಗಿಬಿಡುತ್ತೆ, ಒಳಗೆ ಹಿಟ್ಟು ಹಿಟ್ಟು. ಬಿಸಿಲಲ್ಲಿ ಮಾಡಬೇಡ. ನೆರಳಲ್ಲಿ ಮಾಡು, ತೆಳ್ಳಗೆ ಹಾಕು. ಅದು ಒಣಗಲಿ, ಆಮೇಲೆ ಇನ್ನೊಂದು ತೆಳ್ಳಗೆ."

"ಇದನ್ನೇನು ಮಾಡ್ಲಿ ಈಗ?"

"ತೆಗಿಬೇಕು."

ಇಡೀ ಮದುವೆಯಲ್ಲಿ ಅವರು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅದೇ ಮೊದಲು ಎಂದು ಬ್ರೇಕಕ್ಕ ಈಗಲೂ ನಗುತ್ತಾ ಹೇಳುತ್ತಾರೆ. ಆದರೆ ಅವತ್ತು 'ತೆಗಿಬೇಕು' ಎಂಬ ಮಾತು ಕೇಳಿ ಎದ್ದು ಒಳಗೆ ಹೋಗಿಬಿಟ್ಟರು. ಅಷ್ಟೂ ದಿನ ಉಜ್ಜಿದ್ದನ್ನು ಮತ್ತೆ ಉಜ್ಜುವುದೇ? ಕೆಲವು ದಿನ ಅಂಗಳದ ಕಡೆಯ ಕಿಟಕಿಯನ್ನೇ ತೆರೆಯಲಿಲ್ಲ. ಗುಜರಿಯವನ ನಂಬರು ಹುಡುಕಿದ್ದೂ ಉಂಟು.

ಒಂದು ಬೆಳಿಗ್ಗೆ ಎದ್ದಾಗ ಅಂಗಳದಿಂದ ಸರಸರ ಶಬ್ದ ಕೇಳಿಸಿತು. ಹೊರಗೆ ಹೋಗಿ ನೋಡಿದರೆ ಅತ್ತೆ ಮಣೆ ಹಾಕಿಕೊಂಡು ಎಡಗಡೆಯ ಬಾಗಿಲ ಮುಂದೆ ಕೂತಿದ್ದಾರೆ. ಪಕ್ಕದಲ್ಲಿ ನೀರಿನ ಬಕೆಟ್ಟು. ಕೈಯಲ್ಲಿ ಮರಳು ಕಾಗದ. ಬಣ್ಣದ ಧಾರೆಗಳು ಅರ್ಧ ಬಾಗಿಲಿನಲ್ಲಿ ಆಗಲೇ ಮಾಯ.

"ಅತ್ತೆ! ನೀವ್ಯಾಕೆ?"

"ಏನ್ ಯಾಕೆ? ಜೀವಮಾನ ಪೂರ್ತಿ ತಳ ಹತ್ತಿದ ಪಾತ್ರೆ ಉಜ್ಜಿದೋಳು ನಾನು. ಇದೇನು ಮಹಾ. ಹಿಡಿ ಇಲ್ಲಿ, ನೀನು ಉಜ್ಜೋದು ನೋಡಿದ್ರೆ ಮಗುಗೆ ಪೌಡರ್ ಹಚ್ಚಿದ ಹಾಗಿದೆ. ನೀರು ಬಿಡು ಮೇಲಿಂದ."

"ನಿಮ್ಮ ಬಟ್ಟೆ ಹಗ್ಗಕ್ಕೆ ಅಡ್ಡ ಅಂತಿದ್ರಲ್ಲ?"

"ಅದಕ್ಕೇ ಕಣೇ. ಬೇಗ ಮುಗಿದ್ರೆ ಬೇಗ ತೊಲಗುತ್ತೆ."

ಅತ್ತೆಯ ಕೈ ಬಿದ್ದ ಮೇಲೆ ಕೆಲಸದ ಗತಿಯೇ ಬೇರೆಯಾಯಿತು. ಉಜ್ಜಿದ ಜಾಗವನ್ನು ಅವರು ಕಣ್ಣಿನಿಂದ ನೋಡುತ್ತಿರಲಿಲ್ಲ. ಅಂಗೈ ಆಡಿಸಿ, "ಇಲ್ಲಿನ್ನೂ ಚುಚ್ಚುತ್ತೆ" ಎಂದು ಹೇಳುತ್ತಿದ್ದರು. ಧೂಳಿಗೂ ಅವರೇ ಉಪಾಯ ಹುಡುಕಿದರು: ಹಳೆಯ ಬೆಡ್‌ಶೀಟುಗಳನ್ನೆಲ್ಲ ತಮ್ಮ ಬಟ್ಟೆಯ ಹಗ್ಗಕ್ಕೇ ಕಟ್ಟಿ ಕಾರಿನ ಸುತ್ತ ಡೇರೆಯಂತೆ ಇಳಿಬಿಟ್ಟರು, ನೆಲಕ್ಕೆ ಚೆನ್ನಾಗಿ ನೀರು ಹೊಡೆದು ಮಣ್ಣು ಏಳದಂತೆ ಮಾಡಿದರು. ಬೆಕ್ಕು ಬಂದರೆ ಓಡಿಸಲು ಪೊರಕೆಯೊಂದನ್ನು ಒರಗಿಸಿಟ್ಟುಕೊಂಡರು.

ಬೆಳಗಿನ ತಂಪಿನಲ್ಲಿ ಬ್ರೇಕಕ್ಕ ರೋಲರು ಹಿಡಿಯುತ್ತಿದ್ದರು. ಈ ಸಲ ಬಣ್ಣಕ್ಕೆ ಥಿನ್ನರು ಬೆರೆಸಿ ಹಾಲಿನ ಹದಕ್ಕೆ ತಂದಿದ್ದರು. ಮೊದಲ ಪದರ ಎಷ್ಟು ತೆಳ್ಳಗೆ ಎಂದರೆ ಪ್ರೈಮರು ಕೆಳಗಿನಿಂದ ಇಣುಕುತ್ತಿತ್ತು. ಇಷ್ಟೇ ಆದರೆ ಯಾವ ಕಾಲಕ್ಕೆ ಮುಗಿದೀತು ಎಂದು ಕೈ ತುರಿಸಿತು. ಆಗ ತಾವೇ ಪಾಠಕ್ಕೆ ಬಂದವರಿಗೆ ಹೇಳುವ ಮಾತನ್ನು ತಮಗೆ ಹೇಳಿಕೊಂಡರಂತೆ: ನಿಧಾನಕ್ಕೆ ಬಿಡು, ನಿಧಾನಕ್ಕೆ, ಗಾಡಿ ತಾನಾಗೇ ಮುಂದೆ ಹೋಗುತ್ತೆ. ಎರಡನೆಯ ಪದರ, ಮಧ್ಯೆ ಅತ್ತೆಯ ಉಜ್ಜಾಟ, ಮೂರನೆಯದು, ಮತ್ತೆ ಉಜ್ಜಾಟ. ದಿನ ಹೋದಂತೆ ಬೂದಿಯ ಮೇಲೆ ಕಿತ್ತಳೆ ಬಣ್ಣ ಏರುತ್ತಾ ಬಂತು, ಹಣ್ಣು ಮರದಲ್ಲೇ ಮಾಗಿದ ಹಾಗೆ. ನೀಲಿ ಬಾಗಿಲು ಯಾವುದಾಗಿತ್ತು ಎಂದು ಕೇಳಿದರೆ ಹೇಳಲು ಆಗದಷ್ಟು ಒಂದಾಯಿತು. ಕೊನೆಗೆ ಪಾಲಿಷಿನ ಮುಲಾಮು ಹಚ್ಚಿ ಮೆತ್ತನೆಯ ಬಟ್ಟೆಯಿಂದ ತಿಕ್ಕಿದಾಗ ಬಾನೆಟ್ಟಿನಲ್ಲಿ ಮೋಡ ಕಂಡಿತು. ಅತ್ತೆ ಬಾಗಿ ಅದರಲ್ಲಿ ತಮ್ಮ ಮುಖ ನೋಡಿಕೊಂಡು ತಲೆಗೂದಲು ಸರಿಮಾಡಿಕೊಂಡರು.

ಡೇರೆ ಬಿಚ್ಚಿ ಕಾರನ್ನು ಬೀದಿಗೆ ತಂದ ದಿನ ನಾನೂ ನೋಡಿದ್ದೇನೆ. ಬಿಸಿಲು ಬಿದ್ದ ಕೂಡಲೇ ಆ ಬಣ್ಣ ಎದ್ದು ನಿಂತಿತು. ಮೊದಲು ಇಣುಕಿ ನಕ್ಕವರೇ ಈಗ ಗೇಟಿನಿಂದ ಹೊರಗೆ ಬಂದು ನಿಂತರು. "ಯಾವ ಗ್ಯಾರೇಜಲ್ಲಿ ಮಾಡಿಸಿದ್ರಿ?" ಎಂದು ಯಾರೋ ಕೇಳಿದರು. ಬ್ರೇಕಕ್ಕ ಉತ್ತರ ಕೊಡುವ ಮೊದಲೇ ಒಳಗಿನಿಂದ ಅತ್ತೆಯ ದನಿ ಬಂತು: "ನಮ್ಮನೆ ಗ್ಯಾರೇಜಲ್ಲಿ!"

ಪೇಂಟರಿಗೂ ಸುದ್ದಿ ಹೋಗಿ ಅವನೂ ಬಂದ. ದೂರ ನಿಂತು ನೋಡಿದ, ಹತ್ತಿರ ಬಂದು ಕಣ್ಣು ಕಿರಿದು ಮಾಡಿ ಬಾಗಿಲಿನ ಮೇಲೆ ಅಡ್ಡಡ್ಡ ನೋಡಿದ.

"ದೂರದಿಂದ ಶೋರೂಮು ಅಕ್ಕ. ಹತ್ತಿರದಿಂದ ಸ್ವಲ್ಪ ಕಿತ್ತಳೆ ಸಿಪ್ಪೆ."

ರೋಲರಿನ ಸಣ್ಣ ತರಿ ಅಲ್ಲಲ್ಲಿ ಉಳಿದಿದ್ದದ್ದು ನಿಜ. ಬ್ರೇಕಕ್ಕ ಅದನ್ನು ಒಪ್ಪಿಕೊಂಡರು.

"ಕಿತ್ತಳೆ ಬಣ್ಣಕ್ಕೆ ಕಿತ್ತಳೆ ಸಿಪ್ಪೇನೇ ಇರಲಿ ಬಿಡಪ್ಪ."

ಅವನು ನಕ್ಕ. ಹೋಗುವಾಗ, ಅಂಚುಗಳಿಗೆ ಒಂದು ಪದರ ಜಾಸ್ತಿ ಕೊಡಿ, ಅಲ್ಲೇ ಮೊದಲು ಸವೆಯೋದು ಎಂದು ಹೇಳಿಹೋದ. ಬರಿಯ ಮರ್ಯಾದೆಯ ಮಾತಾಗಿದ್ದರೆ ಬ್ರೇಕಕ್ಕ ಅಷ್ಟು ಸಂತೋಷಪಡುತ್ತಿರಲಿಲ್ಲ. ಕೆಲಸ ಬಲ್ಲವರು ಕೆಲಸ ಬಲ್ಲವರಿಗೆ ಹೇಳುವ ಹಾಗೆ ಹೇಳಿದನಲ್ಲ, ಅದು ಅವರಿಗೆ ಹಿಡಿಸಿತು.

ಮಾರನೆಯ ದಿನ ಅವರು ಕಾರನ್ನು ಸೀದಾ ಮೇಷ್ಟ್ರ ಮನೆಗೆ ಓಡಿಸಿದರು. ಮೇಷ್ಟ್ರಿಗೆ ಆ ಹೊತ್ತಿಗೆ ಬೆಳಕು, ನೆರಳು, ದೊಡ್ಡ ಬಣ್ಣ ಇಷ್ಟೇ ಕಾಣುತ್ತಿದ್ದದ್ದು. ಗೇಟಿನವರೆಗೆ ಬಂದು ನಿಂತರು.

"ಎಂಜಿನ್ ಸದ್ದು ನಮ್ಮದೇ. ಆದ್ರೆ ಇದೇನಿದು, ಬೆಂಕಿ ಹತ್ತಿದ ಹಾಗೆ ಕಾಣ್ತಿದೆ?"

"ಬಣ್ಣ ಮೇಷ್ಟ್ರೇ. ಮುಟ್ಟಿ ನೋಡಿ."

ಮೇಷ್ಟ್ರು ಬಾನೆಟ್ಟಿನಿಂದ ಶುರುಮಾಡಿ, ಅಂಗೈಯನ್ನು ಎತ್ತದೆ, ಕಾರಿನ ಸುತ್ತ ನಡೆದರು. ಡ್ರೈವರ್ ಬಾಗಿಲಿನ ಹತ್ತಿರ ಕೈ ನಿಂತಿತು. ಆಚೆ ಈಚೆ ಹುಡುಕಿತು.

"ಇಲ್ಲೊಂದು ನೆಗ್ಗಿತ್ತಲ್ಲ. ಕಣ್ಣು ಮಂಜಾದ ಮೇಲೆ ಅದನ್ನ ಮುಟ್ಟಿಯೇ ನಾನು ಬಾಗಿಲು ಹುಡುಕ್ತಿದ್ದೆ."

"ತುಂಬಿಬಿಟ್ಟೆ ಮೇಷ್ಟ್ರೇ. ತಪ್ಪಾಯ್ತಾ?"

"ಎಲ್ಲೂ ಸಿಗ್ತಾನೇ ಇಲ್ಲ." ಮೇಷ್ಟ್ರು ಇನ್ನೊಮ್ಮೆ ಕೈಯಾಡಿಸಿದರು. "ಚೆನ್ನಾಗಿ ಮಾಡಿದ್ದೀಯ ಕಣಮ್ಮ."

ಅಷ್ಟು ವರ್ಷ ಅವರ ಕೈಕೆಳಗೆ ದುಡಿದಿದ್ದರೂ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. "ಪರವಾಗಿಲ್ಲ" ಎಂಬುದೇ ಮೇಷ್ಟ್ರ ಅತಿ ದೊಡ್ಡ ಹೊಗಳಿಕೆಯಾಗಿತ್ತು. ಬ್ರೇಕಕ್ಕ, ಬಾಗಿಲ ಮೇಲೆ ಶಾಲೆಯ ಹಳೆಯ ಹೆಸರನ್ನೇ ಬರೆಸಲೇ ಎಂದು ಕೇಳಿದರು.

"ಯಾಕೆ? ಗಾಡಿ ನಿನ್ನದು, ಕಲಿಸೋದು ನೀನು. ನಿನ್ನ ಹೆಸರು ಹಾಕು. ಊರವರು ನಿನ್ನನ್ನ ಏನಂತ ಕರೀತಾರೋ ಅದನ್ನೇ ಹಾಕು, ಹುಡುಕ್ಕೊಂಡು ಬರೋರಿಗೆ ಸುಲಭ."

ಹಾಗಾಗಿ ಮುಂದಿನ ಎರಡೂ ಬಾಗಿಲುಗಳ ಮೇಲೆ ಬಿಳಿಯ ಅಕ್ಷರದಲ್ಲಿ 'ಬ್ರೇಕಕ್ಕ ಡ್ರೈವಿಂಗ್ ಶಾಲೆ' ಎಂದು ಬಂತು. ಓದಿದವರು ನಕ್ಕರು. ನಕ್ಕವರು ಮರೆಯಲಿಲ್ಲ. ಆ ಬಣ್ಣದ ಕಾರು ಊರಿನಲ್ಲಿ ಇನ್ನೊಂದಿರಲಿಲ್ಲವಾದ್ದರಿಂದ ಅದು ಹೋದಲ್ಲೆಲ್ಲ ತನ್ನ ಪ್ರಚಾರವನ್ನು ತಾನೇ ಮಾಡಿಕೊಂಡಿತು. ಕೆಲವೇ ತಿಂಗಳಲ್ಲಿ ಬೆಳಗಿನ ಪಾಠಗಳೆಲ್ಲ ತುಂಬಿ, ಸಂಜೆಗೂ ಜನ ಕಾಯತೊಡಗಿದರು. ಬೇರೆಯವರು ತಮ್ಮ ಹಳೆಯ ಕಾರುಗಳಿಗೂ ಬಣ್ಣ ಬಳಿದುಕೊಡಿ ಎಂದು ಕೇಳಿಕೊಂಡು ಬಂದರು. ಅವರನ್ನೆಲ್ಲ ಬ್ರೇಕಕ್ಕ ಪೇಂಟರ ಗ್ಯಾರೇಜಿಗೆ ಕಳಿಸಿದರು.

ನಾನು ಸೇರಿದ್ದು ಆಗಲೇ. ನನ್ನ ಜೊತೆ ಒಬ್ಬ ನರ್ಸ್ ಕಲಿಯುತ್ತಿದ್ದಳು. ಒಂದು ದಿನ ನಾನು ಹಿಂದಿನ ಸೀಟಿನಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ, ಅವಳು ಮಾರ್ಕೆಟ್ಟಿನ ಹಿಂದಿನ ಕಿರಿದಾದ ಗಲ್ಲಿಯಲ್ಲಿ ಕಾರನ್ನು ತಿರುಗಿಸುತ್ತಿದ್ದಳು. ಎದುರಿನಿಂದ ಗಾಡಿ ಬಂತೆಂದು ಗಾಬರಿಯಿಂದ ಎಡಕ್ಕೆ ಎಳೆದಳು. ಗೋಡೆಯ ಮೂಲೆಗೆ ಉಜ್ಜಿದ ಕರ್ರೆಂಬ ಶಬ್ದ ನನ್ನ ಹಲ್ಲಿನವರೆಗೆ ಬಂತು. ಕಲಿಸುವವರಿಗೆಂದು ತಮ್ಮ ಕಾಲ ಕೆಳಗೂ ಇದ್ದ ಇನ್ನೊಂದು ಬ್ರೇಕನ್ನು ಬ್ರೇಕಕ್ಕ ಒತ್ತಿ ನಿಲ್ಲಿಸಿದರು. ಇಳಿದು ಹೋಗಿ ನೋಡಿದರು. ಹೊಸ ಬಣ್ಣದ ಮೇಲೆ ಮೊದಲ ಗೀರು, ಹಿಂದಿನ ಬಾಗಿಲಿನುದ್ದಕ್ಕೂ. ನರ್ಸ್ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಅಳತೊಡಗಿದಳು.

"ಅಕ್ಕ, ನನ್ನ ಕೈಲಿ ಆಗಲ್ಲ. ನೀವೇ ಓಡಿಸಿ."

ಬ್ರೇಕಕ್ಕ ವಾಪಸು ಬಂದು ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡರು. ಅವರ ಮುಖದಲ್ಲಿ ಒಂದು ಕ್ಷಣ ಏನೋ ಹಾದುಹೋದದ್ದನ್ನು ನಾನು ಕನ್ನಡಿಯಲ್ಲಿ ಕಂಡೆ.

"ಗೀರಿಗೆ ಬಣ್ಣ ಇದೆ ಮಗಾ. ಕಣ್ಣೊರೆಸ್ಕೋ. ರಿವರ್ಸ್ ಹಾಕು, ನೀನೇ ತೆಗಿ."

ಅವಳೇ ತೆಗೆದಳು. ಮನೆಯವರೆಗೂ ಅವಳೇ ಓಡಿಸಿದಳು.

ಅಂಗಳದಲ್ಲಿ ಅತ್ತೆ ಬಟ್ಟೆ ಒಣಹಾಕುತ್ತಿದ್ದರು. ಕಾರು ಒಳಗೆ ಬರುತ್ತಿದ್ದಂತೆಯೇ ಅವರ ಕಣ್ಣು ಎಡಗಡೆಗೆ ಹೋಯಿತು.

"ಯಾರೇ ಅದು ನನ್ನ ಬಾಗಿಲು ಗೀರಿದ್ದು?"

ನರ್ಸ್ ಹೆದರಿ ಬ್ರೇಕಕ್ಕನ ಹಿಂದೆ ನಿಂತಳು. ಅತ್ತೆ ಯಾರ ಉತ್ತರಕ್ಕೂ ಕಾಯಲಿಲ್ಲ. ಹತ್ತಿರ ಬಂದು ಗೀರಿನ ಮೇಲೆ ಬೆರಳಾಡಿಸಿದರು, ಎಷ್ಟು ಆಳ ಹೋಗಿದೆ ಎಂದು ನೋಡಿದರು, ನಾಲಗೆ ಲೊಚಗುಟ್ಟಿದರು. ಆಮೇಲೆ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ನರ್ಸಿನ ಹೆಗಲ ಮೇಲೆ ಹಾಕಿ, "ಇದನ್ನ ಒಣಗಾಕು ಹೋಗು" ಎಂದವರೇ ಮರಳು ಕಾಗದ ತರಲು ಒಳಗೆ ನಡೆದರು.